ಮನೆ ಬಾಗಿಲಲ್ಲೇ ಕಾರ್ ಡೀಟೇಲಿಂಗ್: ಯಾವ ಸಾಮಾನು ಮೊದಲು, ಯಾವುದು ಆಮೇಲೆ

ಮೊಬೈಲ್ ಕಾರ್ ಡೀಟೇಲಿಂಗ್, ಅಂದರೆ ಗಿರಾಕಿಯ ಮನೆಗೇ ಹೋಗಿ ಕಾರನ್ನು ಒಳಗೂ ಹೊರಗೂ ಶುಚಿ ಮಾಡಿ ಹೊಳಪು ಕೊಡುವ ಕೆಲಸ ಶುರು ಮಾಡಬೇಕು ಅಂದುಕೊಂಡವರು ಮೊದಲು ಹುಡುಕುವುದು ಪ್ರೆಶರ್ ವಾಷರ್, ನೀರನ್ನು ಜೋರಾಗಿ ಚಿಮ್ಮಿಸುವ ಮೆಷಿನ್. ಆನ್‌ಲೈನಿನಲ್ಲಿ ಒಂದು ವಾರ ನೋಡುತ್ತಾರೆ, ರಿವ್ಯೂ ಓದುತ್ತಾರೆ, ತರಿಸಿಯೂ ಬಿಡುತ್ತಾರೆ. ಆಮೇಲೆ ಮೊದಲ ಗಿರಾಕಿಯ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿದರೆ ಕಾರು ಬೇಸ್‌ಮೆಂಟಿನಲ್ಲಿದೆ. ಅಲ್ಲಿ ನಲ್ಲಿ ಇಲ್ಲ, ಪ್ಲಗ್ ಇಲ್ಲ. ನೆಲ ಒದ್ದೆ ಮಾಡಬೇಡಿ ಅಂತ ವಾಚ್‌ಮನ್ ಬೇರೆ ನಿಂತಿದ್ದಾನೆ.

ಅದಕ್ಕೇ ಈ ಕೆಲಸದಲ್ಲಿ ಮೆಷಿನ್ ಎರಡನೇ ಮಾತು. ನೀರು ಎಲ್ಲಿಂದ ಬರುತ್ತದೆ, ಕರೆಂಟ್ ಎಲ್ಲಿಂದ ಬರುತ್ತದೆ ಅನ್ನುವ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಯಾವ ಮೆಷಿನ್ ಬೇಕು ಅನ್ನುವುದು ತಾನಾಗೇ ತೀರ್ಮಾನವಾಗುತ್ತದೆ. ಇಲ್ಲಿ ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಲೆಕ್ಕ ಹೆಚ್ಚುಕಡಿಮೆ ಇದೇ.

ಹೆಜ್ಜೆ 1: ನೀರಿನ ಲೆಕ್ಕ

ಮೊದಲು ಕಾನೂನಿನ ವಿಷಯ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ. 2025ರ ಫೆಬ್ರವರಿಯಲ್ಲಿ ಮತ್ತೆ ಇದೇ ಆದೇಶ ಬಂತು. ಬೇಸಿಗೆ ಬಂತೆಂದರೆ ಇಂಥ ಆದೇಶ ಬರುತ್ತದೆ ಅಂತಲೇ ಲೆಕ್ಕ ಹಾಕಿಕೊಂಡು ಬಿಸಿನೆಸ್ ಶುರು ಮಾಡಿ. ಗಿರಾಕಿಯ ಮನೆಯ ಕಾವೇರಿ ನಲ್ಲಿಗೆ ಪೈಪ್ ಸಿಕ್ಕಿಸಿ ಕೆಲಸ ಮಾಡುವ ಯೋಜನೆ ಇದ್ದರೆ ಅದನ್ನು ಈಗಲೇ ಬಿಡಿ.

ಉಳಿದ ದಾರಿ ಮೂರು. ಬೋರ್‌ವೆಲ್ ನೀರು, ಸಂಗ್ರಹಿಸಿದ ಮಳೆನೀರು, ಶುದ್ಧೀಕರಿಸಿದ ಕೊಳಚೆ ನೀರು. ಮಳೆನೀರು ಮೃದು, ಕಾರಿಗೆ ಒಳ್ಳೆಯದು, ಆದರೆ ವರ್ಷವಿಡೀ ಸಿಗುವುದಿಲ್ಲ. ಬೋರ್ ನೀರಿನ ತೊಂದರೆ ಗಡಸು. ಬಿಸಿಲಲ್ಲಿ ಒಂದು ಹನಿ ಒಣಗಿದರೂ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಕಪ್ಪು ಕಾರಿನ ಮೇಲಂತೂ ದೂರದಿಂದಲೇ ಕಾಣುತ್ತದೆ. ಶುದ್ಧೀಕರಿಸಿದ ನೀರಿನಲ್ಲೂ ಲವಣ ಜಾಸ್ತಿ ಇರುತ್ತದೆ. ಅದನ್ನು ಚಕ್ರ, ಮಡ್‌ಗಾರ್ಡ್, ಮೊದಲ ಸುತ್ತಿನ ಕೆಸರು ತೆಗೆಯಲು ಬಳಸಿ, ಬಣ್ಣದ ಮೇಲೆ ಒಣಗಲು ಬಿಡಬೇಡಿ.

ಹಾಗಾಗಿ ನೀವು ಕೊಳ್ಳಬೇಕಾದ ಮೊದಲ ಉಪಕರಣ ಟಿಡಿಎಸ್ ಮೀಟರ್, ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ಅಳೆಯುವುದು. ಪೆನ್ನಿನಷ್ಟು ಗಾತ್ರ, ಕೆಲವು ನೂರು ರೂಪಾಯಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಬಯಸುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2,000ದ ತನಕ ಒಪ್ಪುತ್ತಾರೆ. ಕಾರಿಗೆ ಈ ಅಂಕಿ ಸಾಲದು. ನನ್ನ ಲೆಕ್ಕದಲ್ಲಿ 200ರ ಒಳಗಿದ್ದರೆ ನಿಶ್ಚಿಂತೆ, 500 ದಾಟಿದರೆ ಕೊನೆಯ ಒರೆಸುವಿಕೆಗೆ ಬೇರೆ ನೀರು ಬೇಕೇ ಬೇಕು. ಆರ್‌ಒ ನೀರು ಹತ್ತು ಲೀಟರ್ ಕ್ಯಾನಿನಲ್ಲಿ ಒಯ್ದರೆ ಕೊನೆಯ ಸುತ್ತಿಗೆ ಸಾಕು. ಆರ್‌ಒ ಮೆಷಿನ್ ಹೊರಗೆ ಬಿಡುವ ವೇಸ್ಟ್ ನೀರಲ್ಲ. ಅದರಲ್ಲಿ ಲವಣ ಇನ್ನೂ ಜಾಸ್ತಿ.

ಈಗ ಎಷ್ಟು ನೀರು ಬೇಕು ನೋಡಿ. ಚಿಕ್ಕ ಪ್ರೆಶರ್ ವಾಷರ್ ನಿಮಿಷಕ್ಕೆ ಸುಮಾರು 6 ಲೀಟರ್ ಬಿಡುತ್ತದೆ. ಮೊದಲು ಐದು ನಿಮಿಷ, ಕೊನೆಗೆ ಐದು ನಿಮಿಷ ಟ್ರಿಗರ್ ಒತ್ತಿದರೆ 60 ಲೀಟರ್. ಫೋಮು, ಬಕೆಟ್ಟು ಸೇರಿ 80ರಿಂದ 90. ಎಸ್‌ಯುವಿ ಆದರೆ 100 ದಾಟುತ್ತದೆ. ಅಂದರೆ 200 ಲೀಟರಿನ ಟ್ಯಾಂಕ್ ಇಟ್ಟುಕೊಂಡರೂ ಎರಡೇ ಕಾರು. ಆ ಟ್ಯಾಂಕು ತುಂಬಿದಾಗ ನೀರೊಂದೇ 200 ಕೆ.ಜಿ.

ಇನ್ನೊಂದು ವಿಧಾನವೇ ಇದೆ: ರಿನ್ಸ್‌ಲೆಸ್ ವಾಷ್. ಒಂದು ಬಕೆಟ್ ನೀರಿಗೆ ವಿಶೇಷ ದ್ರಾವಣ ಬೆರೆಸಿ, ಬಟ್ಟೆ ಅದ್ದಿ ಒರೆಸಿ, ಒಣಗಿಸುವುದು. ತೊಳೆದು ಬಿಡುವ ಕೆಲಸವೇ ಇಲ್ಲ. ಈ ಬಗೆಯಲ್ಲಿ ಹೆಸರುವಾಸಿಯಾದ ಆಪ್ಟಿಮಮ್ ನೋ ರಿನ್ಸ್‌ನ ಪ್ರಮಾಣ 1:256. 10 ಲೀಟರ್ ನೀರಿಗೆ ಸುಮಾರು 40 ಮಿ.ಲೀ. ಸಾಕು. ಇಡೀ ಕಾರು 10 ಲೀಟರಿನಲ್ಲಿ ಮುಗಿಯುತ್ತದೆ, ನೆಲವೂ ಹೆಚ್ಚು ಒದ್ದೆಯಾಗುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಮಾಡುವುದಾದರೆ ಇದೇ ನಿಮ್ಮ ಮುಖ್ಯ ವಿಧಾನ ಆಗಬೇಕು, ಪ್ರೆಶರ್ ವಾಷರ್ ಅಲ್ಲ. ಒಂದು ಮಿತಿ ಮಾತ್ರ ಇದೆ. ಕೆಸರು ಮೆತ್ತಿದ ಕಾರಿಗೆ ಇದು ನಡೆಯುವುದಿಲ್ಲ. ಮಳೆಗಾಲದಲ್ಲಿ ಸಕಲೇಶಪುರ ಸುತ್ತಿ ಬಂದ ಕಾರನ್ನು ಬರಿ ಬಟ್ಟೆಯಿಂದ ಒರೆಸಿದರೆ ಮರಳು ಬಣ್ಣವನ್ನು ಗೀಚುತ್ತಾ ಹೋಗುತ್ತದೆ.

ಇಲ್ಲಿ ಕಡಿಮೆ ಖರ್ಚಿನ ಒಂದು ಉಪಾಯ ಹೇಳುತ್ತೇನೆ. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಗೊತ್ತಲ್ವಾ? ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನದು. ಯಾವ ತಾಲ್ಲೂಕಿನ ಕೃಷಿ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ರಿನ್ಸ್‌ಲೆಸ್ ದ್ರಾವಣ ತುಂಬಿ, ಒರೆಸುವ ಮೊದಲು ಕಾರಿನ ಮೇಲೆಲ್ಲಾ ಹೊಡೆದು ಎರಡು ಮೂರು ನಿಮಿಷ ಬಿಟ್ಟರೆ ಧೂಳು ಸಡಿಲವಾಗಿ ಅರ್ಧ ಕೆಳಗೆ ಇಳಿಯುತ್ತದೆ. ಕರೆಂಟೂ ಬೇಡ, ಸದ್ದೂ ಇಲ್ಲ. ಹೊಸದನ್ನೇ ಕೊಳ್ಳಿ. ಕಳೆನಾಶಕ ಹೊಡೆದ ಹಳೇ ಸ್ಪ್ರೇಯರ್ ಮನೆಯಲ್ಲಿದೆ ಅಂತ ಅದನ್ನೇ ತರಬೇಡಿ.

ಹೆಜ್ಜೆ 2: ಕರೆಂಟು

ಪ್ರೆಶರ್ ವಾಷರ್ 1,400 ವ್ಯಾಟ್ ಅಂದುಕೊಳ್ಳೋಣ. ಫೋಮೂ ಸೇರಿ ಹನ್ನೊಂದು ನಿಮಿಷ ಓಡಿದರೆ ಸುಮಾರು 260 ವ್ಯಾಟ್-ಅವರ್. ವ್ಯಾಕ್ಯೂಮ್ 1,200 ವ್ಯಾಟ್, ಇಪ್ಪತ್ತು ನಿಮಿಷ: 400. ಒಂದು ಕಾರಿಗೆ 660 ಆಯಿತು. ಯೂನಿಟ್ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟೂ ಇಲ್ಲ. ಗಿರಾಕಿಗೆ ಇದನ್ನು ಹೀಗೇ ಹೇಳಿದರೆ ಪ್ಲಗ್ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗಿನ ಪ್ಲಗ್ ಕಾಮನ್ ಮೀಟರಿಗೆ ಸೇರಿರುತ್ತದೆ. ಅಲ್ಲಿ ಗಿರಾಕಿ ಹೂಂ ಅಂದರೆ ಸಾಲದು, ಅಸೋಸಿಯೇಷನ್‌ನ ಒಪ್ಪಿಗೆ ಬೇಕು.

ಸ್ವಂತ ಕರೆಂಟ್ ಒಯ್ಯುವುದಾದರೆ ಹಲವರಿಗೆ ಮೊದಲು ಹೊಳೆಯುವುದು ಮನೆಯ ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ. ಲೆಕ್ಕದಲ್ಲಿ 12 ವೋಲ್ಟ್ ಗುಣಿಸು 150, ಅಂದರೆ 1,800 ವ್ಯಾಟ್-ಅವರ್. ಎರಡು ಮೂರು ಕಾರು ಆಗಬೇಕು. ಆಗುವುದಿಲ್ಲ. ಆ 150 ಅನ್ನುವ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ, ಏಳೂವರೆ ಆಂಪಿಯರ್‌ನಂತೆ ಖಾಲಿ ಮಾಡಿದಾಗ ಸಿಗುವುದು. ನಿಮ್ಮ ವಾಷರ್ 12 ವೋಲ್ಟಿನಲ್ಲಿ 120 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಅಷ್ಟು ವೇಗದಲ್ಲಿ ಎಳೆದರೆ ಸೀಸದ ಬ್ಯಾಟರಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಕೊಡುವುದೇ ಇಲ್ಲ, ಆಯಸ್ಸೂ ಬೇಗ ಮುಗಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದನ್ನು ತಡೆಯುತ್ತದೆ. 12.8 ವೋಲ್ಟ್, 100 ಆಂಪಿಯರ್-ಅವರ್ ಇದ್ದರೆ 1,280 ವ್ಯಾಟ್-ಅವರ್. ಇನ್ವರ್ಟರಿನ ನಷ್ಟ ಕಳೆದು ಒಂದೂವರೆ ಕಾರು. ಕೊಳ್ಳುವಾಗ ಅದರ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್, ಎಷ್ಟು ಆಂಪಿಯರ್ ತಡೆಯುತ್ತದೆ ಅಂತ ಕೇಳಿ. ಬಿಎಂಎಸ್ 100 ಆಂಪಿಯರಿನದಾದರೆ ವಾಷರ್ ಆನ್ ಮಾಡಿದ ಕೂಡಲೇ ಬ್ಯಾಟರಿ ಕಟ್ ಆಗುತ್ತದೆ.

ಜನರೇಟರ್? ಪೆಟ್ರೋಲಿನ 2 ಕೆವಿಎ ಇನ್ವರ್ಟರ್ ಜನರೇಟರ್ ಕೆಲಸಕ್ಕೆ ಸಾಕು. ಆದರೆ ಬೇಸ್‌ಮೆಂಟಿನಲ್ಲಿ ಓಡಿಸುವಂತೆಯೇ ಇಲ್ಲ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆಯೂ ಗೊತ್ತಾಗದೆ ಜೀವ ಹೋಗುತ್ತದೆ. ಬಯಲಿನಲ್ಲಿ, ಫಾರ್ಮ್‌ಹೌಸಿನಲ್ಲಿ, ಕಂಪನಿಗಳ ಫ್ಲೀಟ್ ಕಾರುಗಳನ್ನು ಒಟ್ಟಿಗೆ ನಿಲ್ಲಿಸುವ ಮೈದಾನದಲ್ಲಿ ಮಾತ್ರ ಸರಿ.

ಈಗ ಯಾರೂ ದುಡ್ಡು ಹಾಕಲು ಇಷ್ಟಪಡದ, ಆದರೆ ಮೊದಲೇ ಕೊಳ್ಳಬೇಕಾದ ಸಾಮಾನು. ನೀರು ಮತ್ತು ಕರೆಂಟ್ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಒದ್ದೆ ಕಾಲಲ್ಲಿ ನಿಂತು ಮಾಡುವ ಕೆಲಸ ಇದು. 2.5 ಚದರ ಮಿ.ಮೀ. ದಪ್ಪದ ಮೂರು ಕೋರ್ ತಂತಿ 20ರಿಂದ 25 ಮೀಟರ್, 16 ಆಂಪಿಯರ್ ಪ್ಲಗ್ಗು, ನಡುವೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡುವ ಸ್ವಿಚ್) ಇರುವ ಮುಚ್ಚಿದ ಬಾಕ್ಸು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿ ಸಾಮಾನು ತಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಜೋಡಿಸಿಕೊಳ್ಳಿ. ಮನೆಯ ಟಿವಿಗೆ ಹಾಕುವ ತೆಳ್ಳಗಿನ ಎಕ್ಸ್‌ಟೆನ್ಶನ್ ಬಾಕ್ಸ್ ಇಲ್ಲಿ ನಡೆಯುವುದಿಲ್ಲ. ಸುರುಳಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಇಲ್ಲದಿದ್ದರೆ ಸುರುಳಿಯೊಳಗೇ ಕಾದು ಕರಗುತ್ತದೆ.

ಹೆಜ್ಜೆ 3: ಗಾಡಿ

ಶುರುವಿಗೆ ಸ್ಕೂಟರ್ ಸಾಕು ಅಂದರೆ ನಗಬೇಡಿ. ರಿನ್ಸ್‌ಲೆಸ್ ಕೆಲಸಕ್ಕೆ ಬೇಕಾದದ್ದು ಒಂದು ಬಕೆಟ್, ಸ್ಪ್ರೇಯರ್, ಬಟ್ಟೆಯ ಚೀಲ, ಬಾಟಲಿಗಳು, ಬ್ಯಾಟರಿಯ ಕೈ ವ್ಯಾಕ್ಯೂಮ್. ಹತ್ತು ಲೀಟರ್ ನೀರನ್ನು ಗಿರಾಕಿಯ ಹತ್ತಿರವೇ ಕೇಳಬಹುದು, ಕುಡಿಯುವ ನೀರು ಬೇಡ ಅಂತ ಮೊದಲೇ ಹೇಳಿ. ಟ್ರಾಫಿಕ್ಕಿನಲ್ಲಿ ಸ್ಕೂಟರಿನವನು ಮೂರು ಕಾರು ಮುಗಿಸುವ ಹೊತ್ತಿಗೆ ವ್ಯಾನಿನವನು ಎರಡನೆಯ ಕಾರಿನ ಹತ್ತಿರ ಪಾರ್ಕಿಂಗ್ ಹುಡುಕುತ್ತಿರುತ್ತಾನೆ.

ಟ್ಯಾಂಕು ಬೇಕೆಂದರೆ ಈಕೋ ಕಾರ್ಗೊ, ಟಾಟಾ ಏಸ್ ಅಥವಾ ಎಲೆಕ್ಟ್ರಿಕ್ ತ್ರಿಚಕ್ರ ಕಾರ್ಗೊ ಬೇಕಾಗುತ್ತದೆ. ಕೊಳ್ಳುವ ಮೊದಲು ಆರ್‌ಸಿಯಲ್ಲಿ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ನೀರು, ಮೆಷಿನ್, ಜನರೇಟರ್, ಜೊತೆಗೆ ನೀವು ಮತ್ತು ಕೆಲಸದ ಹುಡುಗ ಇಬ್ಬರೂ ಸೇರಬೇಕು. ಟ್ಯಾಂಕ್ ಕೆಳಗೆ, ಹಿಂದಿನ ಆಕ್ಸಲಿನ ಸ್ವಲ್ಪ ಮುಂದಕ್ಕೆ ಕೂರಬೇಕು. ಅರ್ಧ ತುಂಬಿದ ಟ್ಯಾಂಕೇ ಹೆಚ್ಚು ಅಪಾಯ. ಬ್ರೇಕ್ ಹಾಕಿದಾಗ ನೀರು ಅಲೆಯಂತೆ ಮುಂದೆ ಬಂದು ಗಾಡಿಯನ್ನು ತಳ್ಳುತ್ತದೆ. ಒಳಗೆ ತಡೆಹಲಗೆ ಇರುವ ಟ್ಯಾಂಕ್ ಸಿಗದಿದ್ದರೆ 30 ಲೀಟರಿನ ಕ್ಯಾನುಗಳನ್ನೇ ಸಾಲಾಗಿ ಪಟ್ಟಿ ಕಟ್ಟಿ ಇಡಿ. ಗಾಡಿಯ ರಚನೆಯನ್ನೇ ಬದಲಿಸುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ.

ಹೆಜ್ಜೆ 4: ಪ್ರೆಶರ್ ವಾಷರ್ ಮತ್ತು ಅದರ ಸುತ್ತಮುತ್ತ

ಮೇಲಿನದನ್ನೆಲ್ಲಾ ಓದಿಯೂ ವಾಷರ್ ಬೇಕೆನಿಸಿದರೆ, ಅಂದರೆ ನಿಮ್ಮ ಗಿರಾಕಿಗಳು ಸ್ವಂತ ಮನೆಯವರು, ಬೋರ್ ನೀರಿದೆ, ಅಂಗಳವಿದೆ, ಆಗ ಕೊಳ್ಳಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಬಾರ್ (ಒತ್ತಡದ ಅಳತೆ) ಸಂಖ್ಯೆಗೆ ಮರುಳಾಗಬೇಡಿ. ಕಾರಿಗೆ 100ರಿಂದ 130 ಬಾರ್ ಧಾರಾಳ. ಕೆಸರು ತಳ್ಳಿಕೊಂಡು ಹೋಗುವುದು ನೀರಿನ ಹರಿವು. ಉದಾಹರಣೆಗೆ ಕಾರ್ಚರ್ ಕೆ2 ಗರಿಷ್ಠ 110 ಬಾರ್, ಗಂಟೆಗೆ 360 ಲೀಟರ್. ಅದಕ್ಕಿಂತ ಹರಿವು ಕಡಿಮೆ ಇರುವುದನ್ನು ಕೊಳ್ಳಬೇಡಿ.

ನೋಡಬೇಕಾದ್ದು ಇನ್ನೂ ಕೆಲವಿವೆ. ಟ್ಯಾಂಕಿನಿಂದ ತಾನೇ ನೀರು ಎಳೆಯುವ ಮಾದರಿಯೇ ಬೇಕು. ಎಲ್ಲಾ ವಾಷರ್‌ಗೂ ಆ ಶಕ್ತಿ ಇರುವುದಿಲ್ಲ. ನೀರಿನ ಮಟ್ಟ ಪಂಪಿಗಿಂತ ಕೆಳಗಿರಬಾರದು, ಪೈಪಿನ ಬಾಯಿಗೆ ಜಾಲರಿ ಫಿಲ್ಟರ್ ಇರಬೇಕು, ಪೈಪಿನಲ್ಲಿ ನೀರು ತುಂಬಿಯೇ ಸ್ವಿಚ್ ಹಾಕಬೇಕು. ಒಣ ಓಡಿದ ಪಂಪಿನ ಸೀಲು ಕೆಲವೇ ನಿಮಿಷದಲ್ಲಿ ಹಾಳಾಗುತ್ತದೆ. ಕಾರ್ಬನ್ ಬ್ರಷ್ ಮೋಟಾರು ಹಗುರ, ಅಗ್ಗ, ಗಲಾಟೆ ಜಾಸ್ತಿ. ದಿನಕ್ಕೆ ಮೂರು ನಾಲ್ಕು ಕಾರಿಗೆ ಸಾಕು. ಇಂಡಕ್ಷನ್ ಮೋಟಾರು ಬಾಳಿಕೆ ಬರುತ್ತದೆ, ಆದರೆ ಭಾರ. ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಚಿಕ್ಕ ಜನರೇಟರಿನಲ್ಲಿ ಏಳುವುದೇ ಇಲ್ಲ. ಕೊನೆಯದಾಗಿ, ಬ್ರಷ್, ಓ-ರಿಂಗ್, ಗನ್ ನಿಮ್ಮ ಊರಿನಲ್ಲೇ ಸಿಗುವ ಕಂಪನಿಯದನ್ನೇ ಕೊಳ್ಳಿ.

ನಾಜಲ್‌ಗಳಿಗೆ ಬಣ್ಣದ ಗುರುತಿದೆ. ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕೆಂಪನ್ನು ಕಿಟ್ಟಿನಿಂದಲೇ ತೆಗೆದಿಡಿ, ಕೆಲಸದ ಹುಡುಗನ ಕೈಗೂ ಸಿಗಬಾರದು. ಬಣ್ಣಕ್ಕೆ ಬಿಳಿ, ಚಕ್ರದ ಗೂಡಿಗೆ ಹಸಿರು. ಒಂದು ಅಡಿ ದೂರ ಇರಲಿ. ಬಣ್ಣ ಎದ್ದ ಜಾಗ, ಸ್ಟಿಕ್ಕರ್, ಬಾಗಿಲ ರಬ್ಬರ್, ಕ್ಯಾಮೆರಾ, ಸೆನ್ಸರ್ ಹತ್ತಿರ ನೇರ ಹೊಡೆಯಬೇಡಿ. ಬಾನೆಟ್ ಒಳಗಿನ ಎಂಜಿನ್ ಜಾಗಕ್ಕೆ ವಾಷರ್ ಹಿಡಿಯಲೇಬೇಡಿ. ಗಿರಾಕಿ ಒತ್ತಾಯ ಮಾಡಿದರೂ ಒದ್ದೆ ಬಟ್ಟೆ, ಬ್ರಷ್ ಅಷ್ಟೇ.

ವಾಷರ್ ಗನ್ನಿಗೆ ಸಿಕ್ಕಿಸಿ ನೊರೆ ಹೊಡೆಯುವ ಫೋಮ್ ಕ್ಯಾನನ್ ನೋಡಲು ಚೆಂದ, ಇನ್‌ಸ್ಟಾಗ್ರಾಂ ವಿಡಿಯೋಗೂ ಚೆಂದ. ಕೆಲಸದ ದೃಷ್ಟಿಯಿಂದ ಎರಡು ಲೀಟರಿನ ಕೈಪಂಪ್ ಫೋಮ್ ಸ್ಪ್ರೇಯರ್ ಅಷ್ಟೇ ಮಾಡುತ್ತದೆ, ನೀರು ಕಡಿಮೆ ತಿನ್ನುತ್ತದೆ. ಬಕೆಟ್ ಎರಡು: ಒಂದು ಶಾಂಪೂ, ಒಂದು ಬಟ್ಟೆ ಜಾಲಿಸಲು. ಎರಡರ ತಳದಲ್ಲೂ ಜಾಲರಿ ತಟ್ಟೆ, ಮಣ್ಣು ಕೆಳಗೇ ಉಳಿಯಲಿ. ಚಕ್ರಕ್ಕೆ ಮೂರನೆಯ ಬಕೆಟ್, ಬೇರೆ ಬ್ರಷ್. ಸ್ಪಂಜು ಬೇಡ, ಅದರ ಚಪ್ಪಟೆ ಮೈಯಲ್ಲಿ ಮರಳು ಸಿಕ್ಕಿಕೊಂಡು ಗೀಚುತ್ತದೆ. ಕೈಗೆ ತೊಟ್ಟುಕೊಳ್ಳುವ ಮೈಕ್ರೋಫೈಬರ್ ಗವಸು ತೆಗೆದುಕೊಳ್ಳಿ.

ಹೆಜ್ಜೆ 5: ಬಟ್ಟೆ

ಈ ಕೆಲಸದಲ್ಲಿ ಹೆಸರು ಕೆಡುವುದು ಮೆಷಿನ್ನಿನಿಂದ ಕಡಿಮೆ, ಬಟ್ಟೆಯಿಂದ ಜಾಸ್ತಿ. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರಬಲೆಯಂತೆ ಕಾಣುವ ಗೀರುಗಳಲ್ಲಿ ಹೆಚ್ಚಿನವು ದಿನಾ ಬೆಳಿಗ್ಗೆ ಒಂದೇ ಹಳೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವುದರಿಂದ ಬಂದವು. ನಿಮ್ಮ ಕೆಲಸ ಆ ಬಟ್ಟೆಗಿಂತ ಬೇರೆ ಅಂತ ತೋರಿಸುವುದೇ ಬಟ್ಟೆಯ ಮೂಲಕ.

ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಒಳಗಿನ ಕೆಲಸಕ್ಕೆ, ಬಾಗಿಲ ಸಂದಿಗೆ 300. ಬಣ್ಣದ ಮೇಲೆ ಒರೆಸಲು 400ರಿಂದ 500. ಒಣಗಿಸಲು 800ಕ್ಕಿಂತ ಮೇಲಿನ, ಹುರಿಹುರಿಯಾಗಿರುವ ದೊಡ್ಡ ಟವೆಲ್, ಕಾರಿಗೆ ಒಂದು. ಗಾಜಿಗೆ ದೋಸೆಹೆಂಚಿನಷ್ಟು ಅಗಲದ, ಕೂದಲಿಲ್ಲದ ನೇಯ್ಗೆಯದು. ಪ್ರತಿ ಕೆಲಸಕ್ಕೂ ಬಣ್ಣ ಗೊತ್ತುಮಾಡಿ: ನೀಲಿ ಕಾರಿನ ಹೊರಮೈಗೆ, ಹಳದಿ ಒಳಗೆ, ಬೂದು ಚಕ್ರಕ್ಕೆ. ನೆಲಕ್ಕೆ ಬಿದ್ದ ನೀಲಿ ಬಟ್ಟೆ ಆ ದಿನಕ್ಕೆ ಮುಗಿಯಿತು, ಕೊಡವಿ ಮತ್ತೆ ಬಳಸುವಂತಿಲ್ಲ. ಅಂಚಿನ ಲೇಬಲ್ ಕತ್ತರಿಸಿ ತೆಗೆಯಿರಿ, ಅದೂ ಗೀಚುತ್ತದೆ. ಹೊಸ ಬಟ್ಟೆ ನಂಬಿಕಸ್ತವೋ ಅಲ್ಲವೋ ನೋಡಲು ಹಳೇ ಸಿಡಿಯ ಹಿಂಬದಿಯಲ್ಲಿ ಉಜ್ಜಿ ನೋಡಿ. ಗೆರೆ ಬಿದ್ದರೆ ಅದು ಚಕ್ರದ ಬಟ್ಟೆ.

ಒಂದು ಕಾರಿಗೆ ಎಂಟು ಹತ್ತು ಬಟ್ಟೆ ಹೋಗುತ್ತದೆ. ದಿನಕ್ಕೆ ಮೂರು ಕಾರು ಅಂದರೆ ಸಂಜೆ ಮೂವತ್ತು ಬಟ್ಟೆ ಒಗೆಯಲು ಬೀಳುತ್ತದೆ. ಮಳೆಗಾಲದಲ್ಲಿ ಇವು ಒಂದು ದಿನದಲ್ಲಿ ಒಣಗುವುದಿಲ್ಲ, ಕರಾವಳಿಯಲ್ಲಿ ಎರಡು ದಿನವೂ ಸಾಲದು. ಹಾಗಾಗಿ ಅರವತ್ತು ಬಟ್ಟೆ ಕನಿಷ್ಠ. ಒಗೆಯುವಾಗ ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ನೂಲು ಅಂಟುತ್ತದೆ. ಕಂಫರ್ಟ್‌ನಂಥ ಕಂಡೀಷನರ್ ಬೇಡ, ಎಳೆಗಳ ಬಾಯಿ ಮುಚ್ಚಿ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಬ್ಲೀಚ್ ಬೇಡ. ದ್ರವ ಸೋಪು, ತಣ್ಣೀರು, ನೆರಳು.

ಹೆಜ್ಜೆ 6: ಕಾರಿನ ಒಳಗೆ

ವೆಟ್ ಆ್ಯಂಡ್ ಡ್ರೈ ವ್ಯಾಕ್ಯೂಮ್, 1,200ರಿಂದ 1,600 ವ್ಯಾಟ್, 15ರಿಂದ 20 ಲೀಟರ್. ದೊಡ್ಡ ಡ್ರಮ್ಮಿನದು ಲಿಫ್ಟಿನಲ್ಲೂ ಭಾರ, ಗಾಡಿಯಲ್ಲೂ ಜಾಗ. ಸೀಟಿನ ಸಂದಿಗೆ ಹೋಗುವ ಚಪ್ಪಟೆ ಮೂತಿ ಜೊತೆಗೇ ಬಂದಿದೆಯೇ ನೋಡಿ. ನೀರು ಹೀರುವಾಗ ಕಾಗದದ ಫಿಲ್ಟರ್ ತೆಗೆದು ಸ್ಪಂಜಿನದು ಹಾಕಬೇಕು. ಇದನ್ನು ಹುಡುಗರು ಮರೆಯುತ್ತಾರೆ, ಫಿಲ್ಟರ್ ಮುದ್ದೆಯಾಗುತ್ತದೆ.

ಬ್ರಷ್‌ಗಳಲ್ಲಿ ಮೂರು ನಾಲ್ಕು ಸಾಕು: ಎಸಿ ಕಿಂಡಿಗೆ ಮೆದುವಾದ ಪೇಂಟ್ ಬ್ರಷ್, ಕಾರ್ಪೆಟ್ಟಿಗೆ ಗಟ್ಟಿ, ಸೀಟಿಗೆ ನಡುವಿನದು. ಸಂಪೀಡಿತ ಗಾಳಿಗೆ ಅಂತ ಕಂಪ್ರೆಸರ್ ಕೊಳ್ಳಬೇಡಿ, ಕಂಪ್ಯೂಟರ್ ಧೂಳು ಊದುವ ಬ್ಲೋವರ್ ಅರ್ಧ ಕೆಲಸ ಮಾಡುತ್ತದೆ.

ನಮ್ಮ ಕಡೆಯ ಕಾರುಗಳಲ್ಲಿ ಪದೇ ಪದೇ ಸಿಗುವ ಎರಡು ಕಲೆ ಹೇಳುತ್ತೇನೆ. ಒಂದು, ಹೆಡ್‌ರೆಸ್ಟಿನ ಮೇಲೆ ಕೊಬ್ಬರಿ ಎಣ್ಣೆ. ಆಲ್ ಪರ್ಪಸ್ ಕ್ಲೀನರನ್ನು 1:10 ಬೆರೆಸಿ ಹೊಡೆದು, ಉಜ್ಜಿ, ಒದ್ದೆ ಬಟ್ಟೆಯಲ್ಲಿ ಎರಡು ಸಲ ತೆಗೆದರೆ ಹೋಗುತ್ತದೆ. ಇನ್ನೊಂದು, ಪೂಜೆಯ ಅರಿಶಿನ. ಇಲ್ಲಿ ಹುಷಾರು. ಆಲ್ ಪರ್ಪಸ್ ಕ್ಲೀನರ್ ಸಾಮಾನ್ಯವಾಗಿ ಕ್ಷಾರ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಇದೇ ಕಾರಣಕ್ಕೆ. ಬಿಳಿ ಕಾರಿನ ಬಾನೆಟ್ ಮೇಲೆ ಗಿರಾಕಿ ಎದುರಿಗೇ ಹಳದಿ ಕಲೆ ಕೆಂಪಾದರೆ ನಿಮ್ಮ ಕೈ ನಡುಗುತ್ತದೆ. ಪಿಎಚ್ ನ್ಯೂಟ್ರಲ್, ಅಂದರೆ ಆ್ಯಸಿಡ್ಡೂ ಅಲ್ಲದ ಕ್ಷಾರವೂ ಅಲ್ಲದ ಶಾಂಪೂವಿನಲ್ಲಿ ತೊಳೆಯಿರಿ. ಉಳಿದ ಹಳದಿ ನೆರಳನ್ನು ಬಿಸಿಲಿಗೆ ಬಿಡಿ, ಅರಿಶಿನದ ಬಣ್ಣ ಬಿಸಿಲಲ್ಲಿ ತಾನೇ ಮಾಸುತ್ತದೆ.

ಸ್ಟೀಮರ್ ಒಳ್ಳೆಯ ಸಾಮಾನು, ಆದರೆ ಎರಡನೇ ಸುತ್ತಿಗೆ. ಟಚ್‌ಸ್ಕ್ರೀನ್, ಬಟನ್‌ಗಳ ಹತ್ತಿರ ಹಿಡಿಯಬಾರದು.

ಹೆಜ್ಜೆ 7: ಬಾಟಲಿಗಳು

ಅಂಗಡಿಯಲ್ಲಿ ಮೂವತ್ತು ಬಗೆ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಇನ್ನೂ ಜಾಸ್ತಿ. ಶುರುವಿಗೆ ಇಷ್ಟು ಸಾಕು: ನ್ಯೂಟ್ರಲ್ ಶಾಂಪೂ, ರಿನ್ಸ್‌ಲೆಸ್ ದ್ರಾವಣ, ಆಲ್ ಪರ್ಪಸ್ ಕ್ಲೀನರ್, ಗಾಜಿನ ಕ್ಲೀನರ್, ಆ್ಯಸಿಡ್ ಇಲ್ಲದ ಚಕ್ರದ ಕ್ಲೀನರ್, ಟೈರು, ಪ್ಲಾಸ್ಟಿಕ್ಕಿಗೆ ಹೊಳಪು ಕೊಡುವ ನೀರಿನ ಆಧಾರದ ಡ್ರೆಸ್ಸಿಂಗ್, ಒಂದು ಸ್ಪ್ರೇ ವ್ಯಾಕ್ಸ್. ಗಾಢವಾದದ್ದನ್ನು ಐದು ಲೀಟರಿನಲ್ಲಿ ಕೊಂಡು ನೀವೇ ಬೆರೆಸಿ. ಪ್ರತಿ ಸ್ಪ್ರೇ ಬಾಟಲಿಯ ಮೇಲೂ ಹೆಸರು, ಪ್ರಮಾಣ ಬರೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಕೆಮಿಕಲ್ ತುಂಬಿಡುವ ಅಭ್ಯಾಸ ಬೇಡವೇ ಬೇಡ.

ಚಕ್ರ ಒಂದೇ ಕ್ಷಣದಲ್ಲಿ ಬೆಳ್ಳಗಾಗಿಸುವ ಅಗ್ಗದ ದ್ರಾವಣಗಳಲ್ಲಿ ಕೆಲವು ಹೈಡ್ರೋಫ್ಲೋರಿಕ್ ಆ್ಯಸಿಡ್ ಆಧಾರದವು. ಚರ್ಮದ ಮೂಲಕ ಒಳಗಿಳಿದು ಮೂಳೆಯ ತನಕ ಹಾನಿ ಮಾಡುತ್ತದೆ, ಮೊದಲಿಗೆ ನೋವೂ ಗೊತ್ತಾಗದಿರಬಹುದು. ಲೇಬಲ್ಲಿನಲ್ಲಿ ಏನಿದೆ ಅಂತ ಬರೆದಿರದ ಕ್ಯಾನನ್ನು ಮುಟ್ಟಬೇಡಿ. ನೈಟ್ರೈಲ್ ಕೈಗವಸು, ಕನ್ನಡಕ ಯಾವಾಗಲೂ ಇರಲಿ. ಡ್ರೆಸ್ಸಿಂಗನ್ನು ಸ್ಟಿಯರಿಂಗ್, ಪೆಡಲ್, ಟೈರಿನ ನೆಲ ಮುಟ್ಟುವ ಭಾಗಕ್ಕೆ ಹಚ್ಚುವಂತಿಲ್ಲ. ಡ್ಯಾಶ್‌ಬೋರ್ಡ್ ಮಿರಿಮಿರಿ ಹೊಳೆಯಲಿ ಅಂತ ಗಿರಾಕಿ ಕೇಳುತ್ತಾರೆ. ಅದು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಓಡಿಸುವವರ ಕಣ್ಣಿಗೆ ಹೊಡೆಯುತ್ತದೆ ಅಂತ ವಿವರಿಸಿ, ಮ್ಯಾಟ್ ಫಿನಿಶ್ ಕೊಡಿ.

ಊರಿಗೆ ತಕ್ಕಂತೆ ಒಂದೆರಡು ಸೇರುತ್ತವೆ. ಬಳ್ಳಾರಿ, ಸಂಡೂರು ಕಡೆ ಅದಿರಿನ ಧೂಳಿಗೆ ಐರನ್ ರಿಮೂವರ್. ಕಬ್ಬಿಣ ಸಿಕ್ಕಿದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಗಿರಾಕಿಗೆ ತೋರಿಸಲೂ ಚೆನ್ನ. ಬೆಂಗಳೂರಿನಲ್ಲಿ ಮಳೆಮರ, ಹೊಂಗೆಯ ಕೆಳಗೆ ನಿಲ್ಲುವ ಕಾರಿನ ಅಂಟಿಗೆ, ಹಕ್ಕಿ ಹಿಕ್ಕೆಗೆ ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ್ದನ್ನು ಎತ್ತುವ ಮೆದು ಜೇಡಿಯಂಥ ಉಂಡೆ) ಮತ್ತು ತಾಳ್ಮೆ. ಒಣಗಿದ ಹಿಕ್ಕೆಯನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ಎತ್ತಿ.

ಕೊಳಕು ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದೂ ನಿಮ್ಮ ಜವಾಬ್ದಾರಿ. ರಸ್ತೆ ಬದಿಯ ಮಳೆನೀರಿನ ಚರಂಡಿ ರಾಜಕಾಲುವೆಗೆ ಸೇರುತ್ತದೆ, ರಾಜಕಾಲುವೆ ಕೆರೆಗೆ. ಬಕೆಟ್ಟಿನ ನೀರನ್ನು ಒಳಚರಂಡಿಗೆ ಹೋಗುವ ಬಾಯಿಗೇ ಸುರಿಯಿರಿ.

ಹೆಜ್ಜೆ 8: ಪಾಲಿಶ್ ಮೆಷಿನ್, ಅವಸರ ಬೇಡ

ತೊಳೆಯುವುದರಲ್ಲಿ ನೂರು, ಪಾಲಿಶ್‌ನಲ್ಲಿ ಸಾವಿರ. ಅದಕ್ಕೇ ಎಲ್ಲರಿಗೂ ಇದರ ಮೇಲೇ ಕಣ್ಣು. ಆದರೆ ಪಾಲಿಶ್ ಅಂದರೆ ಬಣ್ಣದ ಮೇಲ್ಪದರವನ್ನು ತೆಳ್ಳಗೆ ಕೆರೆದು ತೆಗೆಯುವುದು. ಕಾರ್ಖಾನೆಯ ಬಣ್ಣ ಎಲ್ಲಾ ಸೇರಿ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು, ಅದರಲ್ಲಿ ಮೇಲಿನ ಪಾರದರ್ಶಕ ಪದರ ಕ್ಲಿಯರ್ ಕೋಟ್ ಸುಮಾರು 35ರಿಂದ 50. ತೆಗೆದದ್ದು ವಾಪಸ್ ಬರುವುದಿಲ್ಲ.

ಹಾಗಾಗಿ ಮೆಷಿನ್‌ಗಿಂತ ಮೊದಲು ಬಣ್ಣದ ದಪ್ಪ ಅಳೆಯುವ ಗೇಜ್ ಕೊಳ್ಳಿ. 80ಕ್ಕಿಂತ ಕಡಿಮೆ ತೋರಿಸಿದರೆ ಕೈಯಲ್ಲೇ ವ್ಯಾಕ್ಸ್ ಹಚ್ಚಿ ಸುಮ್ನೆ ಬನ್ನಿ. 200 ದಾಟಿದರೆ ಆ ಭಾಗ ಮತ್ತೆ ಪೇಂಟ್ ಆಗಿದೆ, ಒಳಗೆ ಪುಟ್ಟಿಯೂ ಇರಬಹುದು. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ, ಅದು ಲೋಹಕ್ಕೆ ಮಾತ್ರ.

ಮೆಷಿನ್ ಡ್ಯುಯಲ್ ಆ್ಯಕ್ಷನ್, ಅಂದರೆ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು ಇರಲಿ. ಮೊದಲ ಮೆಷಿನ್‌ಗೆ 8ರಿಂದ 15 ಮಿ.ಮೀ. ಓಲಾಟ (ಥ್ರೋ), 5 ಇಂಚಿನ ಪ್ಯಾಡ್ ಸರಿ. ರೋಟರಿ ಒಂದೇ ಕಡೆ ತಿರುಗಿ ಬಿಸಿ ಏರಿಸುತ್ತದೆ, ಅಂಚಿನಲ್ಲಿ ಎರಡು ಸೆಕೆಂಡ್ ನಿಂತರೆ ಬಣ್ಣ ಸುಟ್ಟು ಪ್ರೈಮರ್ ಕಾಣುತ್ತದೆ. ಒಂದು ಕಾರಿಗೆ ಆರು ಪ್ಯಾಡಾದರೂ ಬೇಕು, ಧೂಳು ತುಂಬಿದ ಪ್ಯಾಡ್ ಗೀಚುತ್ತದೆ. ಗುಜರಿಯಿಂದ ಹಳೇ ಬಾನೆಟ್ ತಂದು ಅದರ ಮೇಲೆ ಕೈ ಪಳಗಿಸಿ. ಕೆಲಸ ನಡೆಯುವುದು ಬೇಸ್‌ಮೆಂಟಿನ ಮಬ್ಬಿನಲ್ಲಿ, ಗೀರು ಕಾಣಲು ಒಳ್ಳೆಯ ಎಲ್‌ಇಡಿ ಕೈದೀಪ ಬೇಕು. ಮೂರು ನಾಲ್ಕು ಗಂಟೆಯ ಕೆಲಸ ಆದ್ದರಿಂದ ಇದಕ್ಕೆ ಬ್ಯಾಟರಿ ನಂಬಬೇಡಿ, ಗಿರಾಕಿಯ ಪ್ಲಗ್ ಇದ್ದಲ್ಲಿ ಮಾತ್ರ ಒಪ್ಪಿಕೊಳ್ಳಿ.

ಬಣ್ಣದ ಮೇಲೆ ಗಟ್ಟಿ ರಕ್ಷಾ ಪದರ ಹಚ್ಚುವ ಸಿರಾಮಿಕ್ ಕೋಟಿಂಗ್ ಬಗ್ಗೆ ನನ್ನ ಅಭಿಪ್ರಾಯ ನೇರ: ಬಯಲಿನಲ್ಲಿ ಮಾಡಬೇಡಿ. ಧೂಳಿಲ್ಲದ ಮುಚ್ಚಿದ ಜಾಗ ಬೇಕು, ಹಚ್ಚಿದ ಮೇಲೆ ಗಂಟೆಗಟ್ಟಲೆ ಒದ್ದೆಯಾಗಬಾರದು. ರಸ್ತೆ ಬದಿ ಹಚ್ಚಿದರೆ ಧೂಳಿನ ಕಣಗಳೂ ಅದರೊಳಗೇ ಗಟ್ಟಿಯಾಗಿ ಕೂರುತ್ತವೆ.

ಹೆಜ್ಜೆ 9: ದುಡ್ಡು, ಕಾಗದ

ನನ್ನ ಅಂದಾಜು ಇಷ್ಟು. ಸ್ಕೂಟರ್ ಇದ್ದವರಿಗೆ ರಿನ್ಸ್‌ಲೆಸ್ ಕಿಟ್, ಬಟ್ಟೆ, ಕೈ ವ್ಯಾಕ್ಯೂಮ್ ಸೇರಿ 15ರಿಂದ 20 ಸಾವಿರ. ವಾಷರ್, ದೊಡ್ಡ ವ್ಯಾಕ್ಯೂಮ್, ಕೇಬಲ್ ಸೇರಿದರೆ 40 ಸಾವಿರದ ಹತ್ತಿರ. ಪಾಲಿಶ್ ಮೆಷಿನ್, ಗೇಜ್, ಪ್ಯಾಡ್, ಕಾಂಪೌಂಡಿಗೆ ಇನ್ನೊಂದು 20ರಿಂದ 25. ಮೊದಲನೆಯದರ ದುಡಿಮೆಯಿಂದ ಎರಡನೆಯದನ್ನು ಕೊಳ್ಳಿ. ಸಾಲವೇ ಬೇಕೆಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿ ತನಕ, ಕಿಶೋರದಲ್ಲಿ 5 ಲಕ್ಷದ ತನಕ ಇದೆ.

ಚಿಕ್ಕ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕಂಪನಿಗಳ ಫ್ಲೀಟ್ ಕಾಂಟ್ರ್ಯಾಕ್ಟಿಗೆ ಹೋದರೆ ಅವರು ಅದಕ್ಕೂ ಮೊದಲೇ ಜಿಎಸ್‌ಟಿ ಬಿಲ್ ಕೇಳುವುದುಂಟು.

ಹೆಜ್ಜೆ 10: ಮೊದಲ ಕಾರಿನ ಮುನ್ನ

ಬುಕಿಂಗ್ ಬಂದಾಗ ಫೋನಿನಲ್ಲೇ ಕೇಳಿ: ಕಾರು ನೆರಳಲ್ಲಿದೆಯಾ, ಪ್ಲಗ್ ಎಷ್ಟು ದೂರ, ನೀರು ಯಾವುದು, ಅಸೋಸಿಯೇಷನ್ ಒಪ್ಪುತ್ತದಾ. ಹೋದ ಕೂಡಲೇ, ಬಕೆಟ್ ಇಳಿಸುವ ಮೊದಲೇ, ಕಾರಿನ ಸುತ್ತ ವಿಡಿಯೋ ಮಾಡಿ ಗಿರಾಕಿಯ ವಾಟ್ಸಾಪಿಗೆ ಕಳಿಸಿ. ಇರುವ ಗೀರು, ತಗ್ಗು ಆಗಲೇ ದಾಖಲಾಗಲಿ. ಕೀ ಬೇಕಾದರೆ ಪಡೆಯಿರಿ, ಆದರೆ ಕಾರನ್ನು ನೀವು ಓಡಿಸಬೇಡಿ. ಒಂದಡಿ ಹಿಂದೆ ತೆಗೆಯಬೇಕಾದರೂ ಮಾಲೀಕರನ್ನೇ ಕರೆಯಿರಿ.

ವರ್ಷದ ಅತಿ ಬಿಡುವಿಲ್ಲದ ವಾರ ಆಯುಧ ಪೂಜೆಯ ಮುಂಚಿನದು. ಬಟ್ಟೆ, ಶಾಂಪೂ, ಓ-ರಿಂಗ್ ಎಲ್ಲಾ ಹದಿನೈದು ದಿನ ಮೊದಲೇ ತಂದಿಡಿ, ಆಗ ಅಂಗಡಿಯಲ್ಲೂ ಖಾಲಿಯಾಗುತ್ತದೆ. ಹಬ್ಬ ಮುಗಿದ ಮಾರನೇ ದಿನದ ಬುಕಿಂಗನ್ನೂ ಆಗಲೇ ತೆಗೆದುಕೊಳ್ಳಿ. ಬಾನೆಟ್ಟಿನ ಗಂಧ, ಕುಂಕುಮ, ವೈಪರ್ ಸಂದಿಯ ಹೂವು, ಬಾಳೆಕಂದು ಕಟ್ಟಿದ ದಾರದ ಗುರುತು, ಚಕ್ರಕ್ಕೆ ಸಿಡಿದ ನಿಂಬೆಹಣ್ಣು ಇವನ್ನೆಲ್ಲಾ ತೆಗೆಯಲು ಯಾರಾದರೂ ಬರಲೇಬೇಕಲ್ಲ. ಆ ದಿನ ನ್ಯೂಟ್ರಲ್ ಶಾಂಪೂ ಜಾಸ್ತಿ ಇಟ್ಟುಕೊಳ್ಳಿ, ಆಲ್ ಪರ್ಪಸ್ ಕ್ಲೀನರ್ ಚೀಲದಲ್ಲೇ ಇರಲಿ.